ಕಾಲಿನ ದಾರಿ, ಗಾಲಿಯ ದಾರಿ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ, ಯಮನೂರು ಎಂಬ ಗ್ರಾಮವೊಂದಿದೆ. ಅಲ್ಲಿಯ ಗದ್ದುಗೆಯನ್ನು ಹಿಂದೂಗಳು ಚಾಂಗದೇವನದೆಂದೂ ಮುಸಲ್ಮಾನರು ರಾಜಾ ಬಾಗಸವಾರನದೆಂದೂ ಭಾವಿಸಿ ಸಮಾನವಾದ ಭಕ್ತಿಯಿಂದ ನಡೆದುಕೊಳ್ಳುತ್ತಾರೆ. ಬಾಗಸವಾರನೆಂದರೆ ಹುಲಿಯನ್ನೇರಿದವನು. ಹೋಳಿಯ ಹುಣ್ಣಿಮೆ ಕಳೆದ ಮೇಲೆ ಇಲ್ಲಿ ನಡೆಯುವ ಜಾತ್ರೆಗೆ ಸುತ್ತಣ ಜಿಲ್ಲೆಗಳಿಂದ ಜನರು ಬಂದು, ಹಳ್ಳದಲ್ಲಿ ಮಿಂದು, ಹರಕೆಯನ್ನು ಒಪ್ಪಿಸಿ ಹೋಗುತ್ತಾರೆ. ಸಂತನ ವಾಹನವು ಹುಲಿಯಾದರೂ ಭಕ್ತರಲ್ಲಿ ಅನೇಕರಿಗೆ ಇಂದಿಗೂ ಕಾಲೇ ವಾಹನ.

ಕೆಲವು ವರ್ಷಗಳ ಹಿಂದೆ ನಾವೂ ನಾಲ್ಕಾರು ಮಂದಿ ವಿದ್ಯಾರ್ಥಿಗಳೊಡನೆ ಆ ಜಾತ್ರೆಯ ದಾರಿಯಲ್ಲಿ ಒಂದಿರುಳು ನಡೆದೆವು. ಹಗಲಿನ ಬಿಸಿಲನ್ನು ತಪ್ಪಿಸಿಕೊಳ್ಳುವುದಕ್ಕಾಗಿ ರಾತ್ರಿಯಲ್ಲಿಯೇ ಹೊರಡುವುದು ಅನೇಕರ ವಾಡಿಕೆ. ಹೆಂಗಸರ ತಲೆಯ ಮೇಲೆ ಬುತ್ತಿಯ ಗಂಟು, ಗಂಡಸರ ಹೆಗಲ ಮೇಲೆ ನಿದ್ದೆಹೋದ ಮಕ್ಕಳು. ಹೀಗೆ ಸಾಲು ಸಾಗುತ್ತಿತ್ತು. ಹಿಂದಿನಿಂದಾಗಲಿ ಮುಂದಿನಿಂದಾಗಲಿ ಲಾರಿಯೊಂದರ ಬೆಳಕು ಕಂಡೊಡನೆ ಎಲ್ಲರೂ ಡಾಂಬರಿನಿಂದಿಳಿದು ಕತ್ತಲೆಯ ಅಂಚಿಗೆ ಸರಿಯುವರು. ಅದು ಹೋದ ಮೇಲೆ ಪುನಃ ಏರುವರು. ಇಳಿಯುವುದು, ಏರುವುದು, ಒಂದೇ ರಾತ್ರಿಯಲ್ಲಿ ಇದು ಎಷ್ಟು ಸಲ ನಡೆಯಿತೋ ಲೆಕ್ಕವಿಡಲಿಲ್ಲ. ನಮ್ಮ ವಿದ್ಯಾರ್ಥಿಯೊಬ್ಬನು ಬಳಿಯಲ್ಲಿದ್ದ ಮುದುಕರನ್ನು, “ಅಜ್ಜಾರ, ರೋಡ್ ಬಿಟ್ಟು ಬಾಜೂಕ ನಡೀಬಾರದೇನ್ರೀ?” ಎಂದು ಕೇಳಿದನು. ಅವರು ನಕ್ಕು, “ದಾರಿ ಮೊದಲ ಕಾಲಿಂದ ಬಿದ್ದೈತೋ ತಮ್ಮಾ, ಗಾಲಿ ಆಮ್ಯಾಲ ಬಂದಾವು” ಎಂದರು.

ಆ ಮುದುಕರ ಮಾತಿನಲ್ಲಿ ಒಂದು ದೊಡ್ಡ ಚರಿತ್ರೆಯೇ ಅಡಗಿದೆ. ರಾಜರ, ಯುದ್ಧಗಳ, ಸಂಧಿಗಳ ಚರಿತ್ರೆಯನ್ನು ನಾವು ಓದುತ್ತೇವೆ. ನಾವು ದಿನವೂ ತುಳಿಯುವ ಬೀದಿಗೂ ಒಂದು ಚರಿತ್ರೆಯುಂಟೆಂಬುದು ನೆನಪಿಗೆ ಬರುವುದು ಅಪರೂಪ. ಬೀದಿ ಯಾರದು? ಅದರ ಅಗಲವನ್ನು ಯಾರಿಗಾಗಿ ಅಳೆದರು? ಒಬ್ಬರಿಗೊಬ್ಬರು ಎದುರಾದಾಗ ಯಾರು ಸರಿಯಬೇಕು? ಈ ಮೂರು ಪ್ರಶ್ನೆಗಳಿಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಸ್ಥೂಲವಾಗಿ ಪರಿಶೀಲಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಬಹಳ ಹಿಂದಕ್ಕೆ ಹೋಗೋಣ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ವಿಷಯ. ಆ ಗ್ರಂಥದಲ್ಲಿ ದುರ್ಗವನ್ನೂ ನಗರವನ್ನೂ ಕಟ್ಟುವ ಪ್ರಕರಣದಲ್ಲಿ ದಾರಿಗಳ ಅಗಲವನ್ನು ಒಂದೊಂದಾಗಿ ಹೇಳಿದೆ. ರಾಜಮಾರ್ಗಗಳಿಗೂ ಊರಿಂದೂರಿಗೆ ಹೋಗುವ ಮಾರ್ಗಗಳಿಗೂ ದಂಡದ ಲೆಕ್ಕದಲ್ಲಿ ವಿಸ್ತಾರವಾದ ಅಳತೆ. ರಥ ಹೋಗುವ ದಾರಿಗೆ ಐದು ಮೊಳ. ದನಗಳ ದಾರಿಗೆ ನಾಲ್ಕು ಮೊಳ. ಸಣ್ಣ ಪಶುಗಳೂ ಮನುಷ್ಯರೂ ನಡೆಯುವ ದಾರಿಗೆ ಎರಡು ಮೊಳ. ಎರಡು ಮೊಳವೆಂದರೆ ಸುಮಾರು ಮೂರು ಅಡಿ. ಅದು ಕಿರಿದೆಂದು ನಮಗೆ ತೋರಬಹುದು. ಆದರೆ ಗಮನಿಸತಕ್ಕದ್ದು ಅದರ ಅಗಲವನ್ನಲ್ಲ. ನಡೆಯುವವನ ದಾರಿಗೆ ಬೇರೆಯಾಗಿಯೇ ಒಂದು ಅಳತೆಯಿತ್ತೆಂಬುದನ್ನು. ರಥಕ್ಕೆ ಕೊಟ್ಟು ಉಳಿದುದನ್ನು ಅವನಿಗೆ ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಆ ದಾರಿಯನ್ನು ಅಡ್ಡಗಟ್ಟಿದವನಿಗೆ ಹನ್ನೆರಡು ಪಣ ದಂಡವೆಂದೂ ಅಲ್ಲಿಯೇ ವಿಧಿಸಿದೆ.

ಇನ್ನು ಡಿಕ್ಕಿಯ ವಿಷಯ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ವಾಹನದಿಂದ ಆದ ಹಾನಿಯ ವಿಚಾರ ಬರುತ್ತದೆ. ಎತ್ತಿನ ಮೂಗುದಾರ ಹರಿದುಹೋಗಿದ್ದರೆ, ನೊಗ ಮುರಿದಿದ್ದರೆ, ಅಥವಾ ಸಾರಥಿಯು ಸರಿಯಿರೆಂದು ಗಟ್ಟಿಯಾಗಿ ಕೂಗಿದ್ದರೆ ದಂಡವಿಲ್ಲ. ಸಾರಥಿಗೆ ಕೌಶಲವಿಲ್ಲದೆ ಕೇಡಾದರೆ ದಂಡವನ್ನು ತೆರತಕ್ಕವನು ವಾಹನದ ಒಡೆಯ. ಮನುಷ್ಯನು ಸತ್ತರೆ ಓಡಿಸಿದವನ ಅಪರಾಧವು ಕಳ್ಳನ ಅಪರಾಧಕ್ಕೆ ಸಮಾನ. ಇದರಲ್ಲಿ ಎರಡು ಭಾವನೆಗಳು ಬೆರೆತಿವೆ. ಗಾಲಿಯ ಮೇಲೆ ಕುಳಿತವನೇ ಹೊಣೆಗಾರನೆಂಬುದು ಒಂದು. ಕೂಗಿಬಿಟ್ಟರೆ ಹೊಣೆ ಕಳೆಯಿತೆಂಬುದು ಇನ್ನೊಂದು. ಮೊದಲನೆಯದನ್ನು ನಾವು ಈಚೆಗೆ ಮರೆಯುತ್ತ ಬಂದಿದ್ದೇವೆ. ಎರಡನೆಯದನ್ನು ಮಾತ್ರ ಮರೆತಿಲ್ಲ. ನಮ್ಮ ಪಟ್ಟಣಗಳ ಹಾರನ್ ಶಬ್ದವೇ ಅದಕ್ಕೆ ಸಾಕ್ಷಿ.

ಪಶ್ಚಿಮದಲ್ಲಿಯೂ ಈ ಪ್ರಶ್ನೆ ಹಳೆಯದೇ. ಕ್ರಿಸ್ತಪೂರ್ವ 45ರಲ್ಲಿ ಜೂಲಿಯಸ್ ಸೀಸರನ ಕಾಲದ ಶಾಸನವೊಂದು ರೋಂ ನಗರದೊಳಗೆ ಹಗಲಿನ ಮೊದಲ ಹತ್ತು ಗಂಟೆಗಳ ಕಾಲ ಸರಕಿನ ಬಂಡಿಗಳನ್ನು ನಿಷೇಧಿಸಿತು. ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋಗಿ ಉಳಿದುಬಂದ ಪಾಂಪೇ ಪಟ್ಟಣದಲ್ಲಿ ಬೀದಿಯ ಇಕ್ಕೆಲಗಳಲ್ಲಿ ಎತ್ತರಿಸಿದ ಕಾಲುದಾರಿಗಳನ್ನೂ, ನಡೆಯುವವರು ಕೆಸರಿಗೆ ಇಳಿಯದೆ ದಾಟುವಂತೆ ನಡುಬೀದಿಯಲ್ಲಿ ನೆಟ್ಟ ಮೆಟ್ಟುಗಲ್ಲುಗಳನ್ನೂ ಇಂದಿಗೂ ನೋಡಬಹುದು. ಬಂಡಿಯ ಗಾಲಿಗಳು ಆ ಕಲ್ಲುಗಳ ಸಂದಿನಲ್ಲಿ ನುಸುಳಿಹೋಗಬೇಕಾಗಿತ್ತು; ಎಂದರೆ ದಾಟುವ ಸ್ಥಳದಲ್ಲಿ ನಿಧಾನಿಸಬೇಕಾದದ್ದು ಬಂಡಿಯೇ.

ನಮ್ಮ ನಾಡಿನ ಬೀದಿಗಳಲ್ಲಿ ಒಂದು ವಿಶೇಷವುಂಟು. ಹಳೆಯ ಊರುಗಳಲ್ಲಿ ಎಲ್ಲಕ್ಕಿಂತ ಅಗಲವಾದುದು ದೇವಾಲಯದ ಮುಂದಿನ ರಥಬೀದಿ. ಹಂಪೆಯ ವಿರೂಪಾಕ್ಷನ ಎದುರಿಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಬೀದಿಯನ್ನು ನೋಡಿದವರಿಗೆ ಇದು ತಿಳಿದಿದೆ. ಅಷ್ಟು ಅಗಲವನ್ನು ಬಿಟ್ಟುದು ಒಂದು ವಾಹನಕ್ಕಾಗಿಯೇ, ಸಂದೇಹವಿಲ್ಲ. ಆದರೆ ಆ ವಾಹನವು ಹೊರಡುವುದು ವರ್ಷದಲ್ಲಿ ಯಾವುದೋ ಕೆಲವು ದಿನ. ಆಗಲೂ ಅದನ್ನು ಎಳೆಯುವವರು ನಡೆಯುವ ಜನರೇ. ಅದರ ವೇಗವೂ ಅವರ ಕಾಲಿನ ವೇಗವೇ. ಉಳಿದ ದಿನಗಳಲ್ಲಿ ಆ ಅಗಲವೆಲ್ಲವೂ ಸಂತೆಗೆ, ಮಾತುಕತೆಗೆ, ಮಕ್ಕಳ ಆಟಕ್ಕೆ ಮೀಸಲು. ಬೆಂಗಳೂರಿನಲ್ಲಿ ಕೆಂಪೇಗೌಡರು 1537ರ ಸುಮಾರಿನಲ್ಲಿ ಕಟ್ಟಿಸಿದ ಪೇಟೆಯೂ ಕಾಲಿನ ಅಳತೆಯ ಊರೇ. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಎಂದು ಒಂದೊಂದು ಕಸುಬಿಗೆ ಒಂದೊಂದು ಕೇರಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವಷ್ಟು ದೂರ. ಸರಕು ಬರುತ್ತಿದ್ದುದು ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಿನ ಮೇಲೆ.

ದಾರಿಯನ್ನು ಗಾಲಿಯಿಂದ ಅಳೆಯುವ ಪದ್ಧತಿ ನಮ್ಮಲ್ಲಿ ಬಲಗೊಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಮೈಸೂರು ಸೀಮೆಯಲ್ಲಿ 1834ರಿಂದ 1861ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸುಮಾರು 1,600 ಮೈಲಿ ರಸ್ತೆಗಳನ್ನು ಹಾಕಿಸಿದನು. ಧಾರವಾಡದ ಕಡೆಯಲ್ಲಿ ಈ ಬದಲಾವಣೆಗೆ ಕಾರಣವಾದುದು ಹತ್ತಿ. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಅರಳೆ ನಿಂತುಹೋದಾಗ ನವಲಗುಂದ, ಗದಗ, ಹುಬ್ಬಳ್ಳಿಗಳ ಎರೆಯ ಹೊಲಗಳ ಬೆಳೆಗೆ ಎಲ್ಲಿಲ್ಲದ ಬೆಲೆ ಬಂದಿತು. ಅರಳೆಯು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಬೇಕಾಗಿತ್ತು. ಚಕ್ಕಡಿಗಳು ಹೋಗುವಂಥ ರಸ್ತೆಗಳು ಬೇಕಾದುವು. ದಾರಿಯ ಯೋಗ್ಯತೆಯನ್ನು ಅದರ ಮೇಲೆ ಎಷ್ಟು ಸರಕು ಸಾಗುತ್ತದೆಂಬುದರಿಂದ ಎಣಿಸುವ ಅಭ್ಯಾಸವು ಹೀಗೆ ಬೇರೂರಿತು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆ ರಸ್ತೆಗಳಿಂದ ರೈತನಿಗೆ ಲಾಭವೂ ಆಯಿತು. ಆದರೆ ದಾರಿಯ ಲೆಕ್ಕದ ಪುಸ್ತಕದಲ್ಲಿ ಅಂದಿನಿಂದ ಗಾಲಿಯ ಹೆಸರು ಮುಂದೆ ಬಂದು ಕಾಲಿನ ಹೆಸರು ಹಿಂದಾಯಿತು. ಆದರೂ ಚಕ್ಕಡಿಯ ವೇಗ ಮನುಷ್ಯನ ವೇಗಕ್ಕಿಂತ ಹೆಚ್ಚಿನದೇನೂ ಅಲ್ಲವಾದುದರಿಂದ ಒಬ್ಬರಿಂದೊಬ್ಬರಿಗೆ ಪ್ರಾಣಭಯವಿರಲಿಲ್ಲ.

ನಮ್ಮ ಪಟ್ಟಣಗಳನ್ನು ಯೋಜನೆ ಹಾಕಿ ಕಟ್ಟುವ ಕೆಲಸಕ್ಕೆ ನಿಜವಾದ ಒತ್ತಡವನ್ನು ತಂದುದು ಒಂದು ವಿಪತ್ತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿಯೂ ಅದು ಘೋರವಾಗಿ ಹಬ್ಬಿ, ಹಾಫ್‌ಕಿನ್ನನ ಚುಚ್ಚುಮದ್ದನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಬೇಕಾಯಿತು. ಇಕ್ಕಟ್ಟಾದ ಕೇರಿಗಳಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಕೊಳೆನೀರಿಗೆ ಹಾದಿಯಿಲ್ಲ ಎಂಬುದು ಆಗ ಎಲ್ಲರ ಕಣ್ಣಿಗೂ ಬಿದ್ದಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ನೇರವಾದ ಬೀದಿ, ಸಾಲುಮರ, ಹಿಂಬದಿಯ ಓಣಿಗಳೊಡನೆ ಬೆಳೆದುವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಇಡೀ ಭಾರತದಲ್ಲಿಯೇ ಇಂಥ ಮಂಡಲಿಗಳ ಪೈಕಿ ಅದು ಬಹಳ ಮೊದಲಿನವುಗಳಲ್ಲೊಂದು. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದುವು. ಇರುಳಿನಲ್ಲಿ ನಡೆಯುವವನಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಕಲ್ಪಿಸುವುದು ಕಷ್ಟ.

ಈ ಘಟ್ಟದಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕೆಂದು ನಮ್ಮ ಕೋರಿಕೆ. ಪ್ಲೇಗು ಬಂದಾಗ ಸರ್ಕಾರವು ಜನರ ಅಭ್ಯಾಸಗಳನ್ನು ದೂರುವುದರಲ್ಲಿಯೇ ನಿಲ್ಲಲಿಲ್ಲ. ಜಾಗರೂಕತೆಯಿಂದ ಉಸಿರಾಡಿರೆಂದು ಹಲಗೆ ಬರೆಸಿ ಸುಮ್ಮನಾಗಲಿಲ್ಲ. ಸಾವಿಗೆ ಊರಿನ ಆಕಾರವೇ ಒಂದು ಕಾರಣವೆಂದು ಒಪ್ಪಿ, ಊರಿನ ಆಕಾರವನ್ನೇ ಬದಲಾಯಿಸಿತು. ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಈ ಹೊಸ ಬೀದಿಗಳಿಗೆ ಸರಿಯಾದ ಜೊತೆಯಾಗಿ ಬಂದುದು ಬೈಸಿಕಲ್ಲು. ಎರಡು ಸಮಗಾಲಿಗಳ ಸುರಕ್ಷಿತ ಬೈಸಿಕಲ್ಲನ್ನು ಇಂಗ್ಲೆಂಡಿನಲ್ಲಿ ಸ್ಟಾರ್ಲಿ ಎಂಬುವನು ರೂಪಿಸಿದುದು 1885ರಲ್ಲಿ; ಡನ್‌ಲಪ್ಪನ ಗಾಳಿಯ ಟೈರು ಬಂದುದು 1888ರಲ್ಲಿ. ಕೆಲವು ದಶಕಗಳಲ್ಲಿ ಅದು ನಮ್ಮ ಗುಮಾಸ್ತರ, ಉಪಾಧ್ಯಾಯರ, ಹಾಲಿನವರ, ಅಂಚೆಯವರ ವಾಹನವಾಯಿತು. ಮುನಿಸಿಪಾಲಿಟಿಗಳು ಅದಕ್ಕೆ ತೆರಿಗೆಯನ್ನು ಹಾಕಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದುವು. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಟರೂ ಇಬ್ಬರು ಕುಳಿತರೂ ಪೋಲೀಸಿನವರು ಹಿಡಿಯುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುವ ಅಂಗಡಿಯಿಲ್ಲದ ಬೀದಿಯೇ ಇರಲಿಲ್ಲವೆಂಬಷ್ಟು ಅದರ ಬಳಕೆ ಹರಡಿತ್ತು. ಈಗಿನವರು ಇದೆಲ್ಲ ಹಳೆಯ ಕಾಲದ ಕಥೆಯೆಂದು ತಿಳಿಯಬಾರದು. 2011ರ ಜನಗಣತಿಯ ಪ್ರಕಾರ ಭಾರತದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಬೈಸಿಕಲ್ಲಿತ್ತು. 21ರಲ್ಲಿ ಸ್ಕೂಟರು ಅಥವಾ ಮೋಟಾರು ಸೈಕಲ್ಲು. ಕಾರು ಇದ್ದುದು ಐದಕ್ಕೂ ಕಡಿಮೆ ಮನೆಗಳಲ್ಲಿ. ಹೀಗಿದ್ದೂ ರಸ್ತೆಯ ನಕ್ಷೆಯಲ್ಲಿ ಕಾರಿಗೆ ಮೊದಲ ಪಂಕ್ತಿ, ಬೈಸಿಕಲ್ಲಿಗೆ ಪಂಕ್ತಿಯೇ ಇಲ್ಲ!

ಮೋಟಾರು ವಾಹನವು ಹೊಸತಾಗಿ ಬಂದಾಗ ಲೋಕವು ಅದನ್ನು ಅನುಮಾನದಿಂದಲೇ ನೋಡಿತು. ಇಂಗ್ಲೆಂಡಿನಲ್ಲಿ 1865ರ ಶಾಸನದಂತೆ ಯಂತ್ರದ ಗಾಡಿಯ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ಆ ಬಗೆಯ ಕಟ್ಟುಗಳು 1896ರಲ್ಲಿ ಸಡಿಲವಾದುವು. ಅದೇ ವರ್ಷ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನ ಬಳಿ ಬ್ರಿಜೆಟ್ ಡ್ರಿಸ್ಕಲ್ ಎಂಬ ಹೆಂಗಸು ಮೋಟಾರು ತಗುಲಿ ಮೃತಳಾದಳು. ಆ ದೇಶದಲ್ಲಿ ಮೋಟಾರು ಕಾರಿನಿಂದ ಸತ್ತ ಮೊದಲ ಪಾದಚಾರಿ ಆಕೆಯೆಂದು ಹೇಳುತ್ತಾರೆ. ಅಲ್ಲಿಂದ ಮುಂದಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಬೀದಿಯ ಒಡೆತನವು ಸದ್ದಿಲ್ಲದೆ ಕೈಬದಲಾಯಿಸಿತು. ಮೊದಲು ಗಾಡಿಯವನು ಜನರ ನಡುವೆ ದಾರಿ ಬೇಡುತ್ತಿದ್ದನು. ಆಮೇಲೆ ಜನರು ಗಾಡಿಗಳ ನಡುವೆ ದಾರಿ ಬೇಡುವವರಾದರು. ಮೊದಲು ಬೀದಿಯೆಂದರೆ ಇರುವ ಸ್ಥಳ. ಆಮೇಲೆ ಬರಿಯ ಹಾದುಹೋಗುವ ಸ್ಥಳ. ರಸ್ತೆಯನ್ನು ಅಗಲ ಮಾಡಬೇಕಾದಾಗಲೆಲ್ಲ ಮೊದಲು ಕಡಿದುದು ಸಾಲುಮರವನ್ನು, ಆಮೇಲೆ ಕೊರೆದುದು ಕಾಲುದಾರಿಯನ್ನು.

ಇದರ ಫಲವನ್ನು ಅಂಕಿಗಳಲ್ಲಿ ಹೇಳುವುದು ನಮಗೆ ಸಂತೋಷದ ಕೆಲಸವಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 32,825 ಮಂದಿ ಯಾವ ವಾಹನದಲ್ಲಿಯೂ ಕುಳಿತಿರಲಿಲ್ಲ, ನಡೆಯುತ್ತಿದ್ದರು. ದಿನವೊಂದಕ್ಕೆ ಸರಾಸರಿ 90 ಮಂದಿಯಂತಾಯಿತು. ಇಂಥ ಸಾವು ಸಂಭವಿಸಿದಾಗ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ, ಅವನು ನೋಡಿಕೊಂಡು ದಾಟಬಾರದಿತ್ತೆ ಎಂಬುದು. ಪ್ಲೇಗಿನ ವಿಷಯದಲ್ಲಿ ನಾವು ಹೇಳಿದ ಮಾತನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಪ್ಲೇಗಿನಿಂದ ಸತ್ತವನನ್ನು ನಾವು ದೂರಲಿಲ್ಲ, ಬೀದಿಯನ್ನು ತಿದ್ದಿದೆವು. ಬೀದಿಯಿಂದಲೇ ಸತ್ತವನನ್ನು ಮಾತ್ರ ದೂರುತ್ತೇವೆ, ಬೀದಿಯನ್ನು ಹಾಗೆಯೇ ಬಿಡುತ್ತೇವೆ.

ಬೀದಿಯನ್ನು ತಿದ್ದುವುದೆಂದರೇನು? ಅದರಲ್ಲಿ ಗಹನವಾದ ರಹಸ್ಯವೇನೂ ಇಲ್ಲ. ವೇಗವು ಇಮ್ಮಡಿಯಾದರೆ ಆಘಾತದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಭೌತಶಾಸ್ತ್ರದ ಮೊದಲ ಪಾಠ. ಆದುದರಿಂದ ಜನರೂ ವಾಹನಗಳೂ ಬೆರೆಯುವ ಕಡೆಗಳಲ್ಲಿ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಕೂಡದೆಂದು 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲಿ ರಾಷ್ಟ್ರಗಳು ಒಪ್ಪಿಕೊಂಡುವು. ನಮ್ಮದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಕಾಲುದಾರಿಯ ಅಡೆತಡೆಯಿಲ್ಲದ ಅಗಲವು ಕಡಿಮೆಯೆಂದರೆ 1.8 ಮೀಟರ್ ಇರಬೇಕೆಂದಿತು. ಅಂದರೆ ಎದುರುಬದುರಾದ ಇಬ್ಬರು ಭುಜ ತಾಗದೆ ಹೋಗುವಷ್ಟು. ಅಂಚುಗಲ್ಲಿನ ಎತ್ತರವು 150 ಮಿಲಿಮೀಟರನ್ನು ಮೀರಬಾರದೆಂದೂ ಹೇಳಿತು. ಮೊಣಕಾಲೆತ್ತರದ ಕಾಲುದಾರಿಯನ್ನು ಕಟ್ಟಿ, ಮುದುಕರು ಅದನ್ನು ಏರುವುದಿಲ್ಲವೆಂದು ಆಕ್ಷೇಪಿಸುವವರು ಈ ಅಳತೆಯನ್ನೊಮ್ಮೆ ನೋಡಬೇಕು.

ತಿದ್ದಿದ ಉದಾಹರಣೆಗಳೂ ಇಲ್ಲದಿಲ್ಲ. ಇಂದು ಬೈಸಿಕಲ್ಲಿನ ನಾಡೆಂದು ಹೆಸರಾದ ಹಾಲೆಂಡು ಹುಟ್ಟಿನಿಂದಲೇ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ತಾಯಿತಂದೆಗಳು ಬೀದಿಗಿಳಿದು, ಮಕ್ಕಳ ಕೊಲೆಯನ್ನು ನಿಲ್ಲಿಸಿ ಎಂಬ ಕೂಗಿನೊಡನೆ ಚಳವಳಿಯನ್ನು ನಡೆಸಿದರು. ಆ ಬಳಿಕ ಅಲ್ಲಿ ಬೈಸಿಕಲ್ಲಿಗೆ ಬೇರೆ ದಾರಿಗಳೂ, ಮನೆಗಳ ನಡುವಣ ಬೀದಿಗಳಲ್ಲಿ ಕಾಲ್ನಡೆಯ ವೇಗವೂ ನಿಯಮವಾದುವು. ಆ ಜನರ ಸ್ವಭಾವವೇನೂ ಬದಲಾಗಲಿಲ್ಲ, ಬದಲಾದುದು ಬೀದಿ.

ನಮ್ಮ ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಎಂಬ ಯೋಜನೆಯಂತೆ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠ್ಠಲ ಮಲ್ಯ ರಸ್ತೆ ಮೊದಲಾದುವನ್ನು ಕಳೆದ ದಶಕದಲ್ಲಿ ಪುನಃ ಕಟ್ಟಿದರು. ಅದರ ತರ್ಕ ಸರಳವಾದುದು. ರಸ್ತೆಯೊಂದು ಒಂದೆಡೆ ಅಗಲ, ಒಂದೆಡೆ ಕಿರಿದಾಗಿದ್ದರೆ ವಾಹನಗಳ ಓಟವನ್ನು ನಿರ್ಣಯಿಸುವುದು ಕಿರಿದಾದ ಭಾಗವೇ. ಸೀಸೆಯ ಹೊಟ್ಟೆ ಎಷ್ಟು ದೊಡ್ಡದಾದರೇನು, ನೀರು ಹೊರಬರುವುದು ಕತ್ತಿನ ಅಳತೆಯಲ್ಲಿ. ಆದುದರಿಂದ ಗಾಲಿಯ ದಾರಿಯನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ಮಿಕ್ಕ ಸ್ಥಳವನ್ನು ಕಾಲಿಗೆ ಕೊಟ್ಟರು. ತಂತಿ, ಕೊಳವೆಗಳನ್ನು ಕಾಲುದಾರಿಯ ಕೆಳಗೆ ಹುಗಿದು, ಪದೇಪದೇ ರಸ್ತೆಯನ್ನು ಅಗೆಯುವ ಅವಶ್ಯಕತೆಯನ್ನು ಕಡಿಮೆ ಮಾಡಿದರು. ಮೈಸೂರಿನಲ್ಲಿ 2017ರ ಜೂನ್ ತಿಂಗಳಿನಲ್ಲಿ ಟ್ರಿಣ್ ಟ್ರಿಣ್ ಎಂಬ ಸಾರ್ವಜನಿಕ ಬೈಸಿಕಲ್ಲಿನ ವ್ಯವಸ್ಥೆ 450 ಸೈಕಲ್ಲುಗಳೊಡನೆ ಆರಂಭವಾಯಿತು. ಗಂಟೆಯ ಬಾಡಿಗೆಯ ಹಳೆಯ ಸೈಕಲ್ ಅಂಗಡಿಯೇ ಹೊಸ ವೇಷದಲ್ಲಿ ಮರಳಿ ಬಂದಿತೆನ್ನಬಹುದು.

ಹುಬ್ಬಳ್ಳಿ ಧಾರವಾಡಗಳ ಅನುಭವ ಇನ್ನೂ ವಿಚಾರಾರ್ಹವಾದುದು. ಈ ಎರಡೂ ಊರುಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಸೇರಿದುವು. ನಡುವಣ ದೂರ ಸುಮಾರು 20 ಕಿಲೋಮೀಟರ್. 2018ರಲ್ಲಿ ಈ ದಾರಿಯಲ್ಲಿ ಬಸ್ಸುಗಳಿಗೆಂದೇ ಪ್ರತ್ಯೇಕವಾದ ಪಥವು ತೆರೆಯಿತು. 2020ರ ಫೆಬ್ರವರಿಯಲ್ಲಿ ಅದರ ವಿಧ್ಯುಕ್ತವಾದ ಉದ್ಘಾಟನೆಯಾಯಿತು. ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟರು. ಎರೆಯ ಬಯಲಿನಲ್ಲಿ ನೆಗೆಯುವ ಕೃಷ್ಣಮೃಗಕ್ಕೆ ಆ ಸೀಮೆಯವರು ಹೇಳುವ ಹೆಸರದು. ನೂರಾರು ಜನರನ್ನು ಹೊರುವ ವಾಹನಕ್ಕೆ ಒಬ್ಬಿಬ್ಬರ ಕಾರಿಗಿಂತ ಮೊದಲು ಸ್ಥಳವನ್ನು ಕೊಟ್ಟುದು ನ್ಯಾಯವಾದ ಕ್ರಮ. ಆದರೆ ಬಸ್ಸೇರುವವನು ಮೊದಲು ಪಾದಚಾರಿ. ನಿಲ್ದಾಣವು ನಡುರಸ್ತೆಯಲ್ಲಿರುವುದರಿಂದ ಏರುವಾಗಲೂ ಇಳಿದ ಮೇಲೂ ಅವನು ಅಗಲವಾದ ರಸ್ತೆಯ ಅರ್ಧವನ್ನಾದರೂ ದಾಟಲೇಬೇಕು. ಚಿಗರಿಯ ವೇಗವನ್ನು ಎಷ್ಟು ಆಸ್ಥೆಯಿಂದ ಲೆಕ್ಕ ಹಾಕಿದರೋ, ಆ ಹತ್ತಿಪ್ಪತ್ತು ಹೆಜ್ಜೆಗಳ ಕ್ಷೇಮವನ್ನೂ ಅಷ್ಟೇ ಆಸ್ಥೆಯಿಂದ ಲೆಕ್ಕ ಹಾಕಿದರೆ ಮಾತ್ರ ಯೋಜನೆ ಪೂರ್ಣವಾದೀತು. ಹುಬ್ಬಳ್ಳಿಯಲ್ಲಿ ಉಣಕಲ್ಲಿನ ನಾಲೆಯ ದಂಡೆಯುದ್ದಕ್ಕೆ ನಡೆಯುವವರಿಗೂ ಸೈಕಲ್ಲಿನವರಿಗೂ ಹಸಿರು ದಾರಿಯೊಂದನ್ನು ಮಾಡುವ ಯೋಜನೆಯನ್ನು ಕೈಗೊಂಡುದು ಈ ದೃಷ್ಟಿಯಿಂದ ಶುಭಸೂಚನೆ.

ಪಟ್ಟಣದವರಾದ ನಾವು ಇಷ್ಟಕ್ಕೇ ತೃಪ್ತರಾಗಿ ಕೂರಬಾರದು. ಮತ್ತೆ ಯಮನೂರಿನ ದಾರಿಗೆ ಬರೋಣ. ನವಲಗುಂದದ ಸೀಮೆ ಎರೆಭೂಮಿ. ಬೇಸಗೆಯಲ್ಲಿ ಅದು ಅಂಗೈಯಗಲ ಬಿರಿಯುತ್ತದೆ. ಮಳೆ ಬಿದ್ದರೆ ಅಂಟಾಗಿ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಒಂದೊಂದು ಹೆಜ್ಜೆಗೂ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಅಂಥ ದಿನಗಳಲ್ಲಿ ಡಾಂಬರಿನ ಅಂಚಿನಾಚೆ ನಡೆಯುವುದು ಅಸಾಧ್ಯವೇ ಸರಿ. ಶಾಲೆಗೆ ಹೋಗುವ ಮಗುವೂ ಹೊಲದಿಂದ ಮರಳುವ ಹೆಂಗಸೂ ಡಾಂಬರಿಗೆ ಏರಲೇಬೇಕು. ಹುಬ್ಬಳ್ಳಿಯಿಂದ ನವಲಗುಂದ, ನರಗುಂದಗಳ ಮೇಲೆ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಂಥ ದಾರಿಗಳಲ್ಲಿ ಆ ಡಾಂಬರಿನ ಮೇಲೆ ಲಾರಿ ಬಸ್ಸುಗಳು ಎಡೆಬಿಡದೆ ಓಡುತ್ತಿರುತ್ತವೆ. ಬಾಜೂಕ ನಡೀಬಾರದೇನು ಎಂದು ಕೇಳಿದ ನಮ್ಮ ವಿದ್ಯಾರ್ಥಿಗೆ ಆ ಮಣ್ಣಿನ ಪರಿಚಯವಿರಲಿಲ್ಲ. ರಸ್ತೆಯ ನಕ್ಷೆಯನ್ನು ಬರೆಯುವವರಿಗೂ ಅದು ಇಲ್ಲದೆಹೋದರೆ ಫಲವೇನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕರ್ನಾಟಕ ಸರ್ಕಾರವು 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚತೊಡಗಿತು. ತಮ್ಮೂರಿನಲ್ಲಿ ಹೈಸ್ಕೂಲಿಲ್ಲದ ಹುಡುಗಿಯರಿಗೆ ಅದು ವಿದ್ಯೆಯ ಬಾಗಿಲನ್ನೇ ತೆರೆದಂತಾಯಿತು. ಕೋವಿಡ್ ವ್ಯಾಧಿಯ ವರ್ಷಗಳಲ್ಲಿ ಆ ಹಂಚಿಕೆ ನಿಂತುಹೋಯಿತು. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಕೈಗೆ ಬೈಸಿಕಲ್ಲನ್ನು ಕೊಟ್ಟ ನಾವು ಅದನ್ನು ತುಳಿಯುವುದಕ್ಕೆ ಒಂದು ಗಜದಗಲದ ಗಟ್ಟಿ ನೆಲವನ್ನು ಕೊಡಲಿಲ್ಲ. ರಥಕ್ಕೆ ಐದು ಮೊಳ, ಮನುಷ್ಯನಿಗೆ ಎರಡು ಮೊಳ ಎಂದು ಬರೆದ ಆ ಪ್ರಾಚೀನ ಗ್ರಂಥಕಾರನಷ್ಟು ಔದಾರ್ಯವನ್ನೂ ನಾವು ತೋರಿಸಲಿಲ್ಲವಲ್ಲ!

ಕಾನೂನು ಈಗ ಪಾದಚಾರಿಯ ಕಡೆಗೆ ತಿರುಗುತ್ತಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಎಂಬ ತತ್ತ್ವವನ್ನು ಒಪ್ಪಿತು. ನಡೆಯುವವರ ಮತ್ತು ಸೈಕಲ್ಲಿನವರ ಹಕ್ಕುಗಳಿಗಾಗಿ ಕರ್ನಾಟಕದ ನಗರ ಭೂಸಾರಿಗೆ ನಿರ್ದೇಶನಾಲಯವು 2021ರಲ್ಲಿ ಮಸೂದೆಯೊಂದನ್ನು ಸಿದ್ಧಪಡಿಸಿ ಸಾರ್ವಜನಿಕರ ಮುಂದಿಟ್ಟಿತು. 2025ರ ಮೇ 14ರಂದು ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯು ಕೊಡುವ ಜೀವಿಸುವ ಹಕ್ಕಿನೊಳಗೇ ಸೇರಿದೆಯೆಂದು ಹೇಳಿತು. ಹನ್ನೆರಡು ಪಣದ ದಂಡದಿಂದ ಹೊರಟ ಚರಿತ್ರೆ ಇಲ್ಲಿಗೆ ಬಂದು ಮುಟ್ಟಿದೆ. ಆದರೆ ಹಕ್ಕು ಕಾಗದದಿಂದ ನೆಲಕ್ಕೆ ಇಳಿಯಬೇಕಾದರೆ ಅಳತೆಯ ಕ್ರಮವೇ ಬದಲಾಗಬೇಕು. ಈಗ ನಡುವಿನಿಂದ ಅಂಚಿಗೆ ಅಳೆಯುತ್ತೇವೆ. ಮೊದಲು ಮೋಟಾರಿಗೆ, ಉಳಿದರೆ ಚರಂಡಿಗೆ, ಅದಕ್ಕೂ ಮೀರಿ ಉಳಿದರೆ ಮನುಷ್ಯನಿಗೆ. ಇನ್ನು ಮುಂದೆ ಅಂಚಿನಿಂದ ನಡುವಿಗೆ ಅಳೆಯತಕ್ಕದ್ದು; ಮೊದಲು ಕಾಲಿಗೆ, ಆಮೇಲೆ ಬೈಸಿಕಲ್ಲಿಗೆ, ಆಮೇಲೆ ಬಸ್ಸಿಗೆ, ಉಳಿದುದು ಇತರ ವಾಹನಗಳಿಗೆ. ಇದರಿಂದ ಕಾರಿನವನಿಗೂ ನಷ್ಟವಿಲ್ಲ. ಕಾರಿನಿಂದಿಳಿದ ಕ್ಷಣವೇ ಅವನೂ ಪಾದಚಾರಿಯಷ್ಟೆ.

ಚಾಂಗದೇವನನ್ನು ಕುರಿತು ಮರಾಠಿ ಸಂತರ ಪರಂಪರೆಯಲ್ಲಿ ಒಂದು ಕಥೆಯಿದೆ. ತನ್ನ ಸಿದ್ಧಿಗಳ ಹೆಮ್ಮೆಯಿಂದ ಅವನು ಹುಲಿಯನ್ನೇರಿ ಜ್ಞಾನೇಶ್ವರನನ್ನು ಕಾಣಲು ಹೊರಟನು. ಜ್ಞಾನೇಶ್ವರನು ತನ್ನ ಒಡಹುಟ್ಟಿದವರೊಡನೆ ಒಂದು ಮೋಟುಗೋಡೆಯ ಮೇಲೆ ಕುಳಿತಿದ್ದನು. ಅತಿಥಿಯನ್ನು ಎದುರುಗೊಳ್ಳಲು ಆ ಗೋಡೆಯೇ ಮುಂದಕ್ಕೆ ಚಲಿಸಿತು. ಅದನ್ನು ಕಂಡ ಚಾಂಗದೇವನು ಹುಲಿಯಿಂದ ಕೆಳಗಿಳಿದು ನಮಸ್ಕರಿಸಿದನು. ಆ ಸಂತನ ಜಾತ್ರೆಗೆ ನಡೆದು ಬರುವ ಜನರಿಗೆ ಆಗಬೇಕಾಗಿರುವ ಪವಾಡವು ಅಷ್ಟು ದೊಡ್ಡದೇನಲ್ಲ. ಗೋಡೆ ಚಲಿಸಬೇಕಾಗಿಲ್ಲ. ಡಾಂಬರಿನ ಅಂಚಿನಲ್ಲಿ, ಎರೆಯ ಮಣ್ಣಿಗಿಂತ ಒಂದಿಷ್ಟು ಎತ್ತರವಾಗಿ, ಇಬ್ಬರು ಜೊತೆಯಾಗಿ ನಡೆಯುವಷ್ಟು ಗಟ್ಟಿ ನೆಲವಿದ್ದರೆ ಸಾಕು. ಆಗ ಲಾರಿಯ ಬೆಳಕು ಕಂಡಾಗ ಆ ಮುದುಕರು ಇಳಿಯಬೇಕಾಗುವುದಿಲ್ಲ, ಏರಬೇಕಾಗುವುದೂ ಇಲ್ಲ. ತಮ್ಮ ಪಾಡಿಗೆ ತಾವು ನಡೆದುಹೋಗಬಹುದು.